ಗಾಳಿ ಉರುಳಿಸದ ಸುರುಳಿಗಳು

ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಮೇಲೆ ಐಲಿ ಕಾಂಗಸ್‌ಗೆ ಹಿಮದ ಚಿತ್ರ ತೆಗೆಯುವ ಹುಚ್ಚು ಹಿಡಿಯಿತು. ಸುಪೀರಿಯರ್ ಸರೋವರದ ದಂಡೆಯ ನಮ್ಮೂರಲ್ಲಿ ಹಿಮಕ್ಕೇನು ಬರ? ನವೆಂಬರಿನಲ್ಲಿ ಬಂದು ಕೂತರೆ ಏಪ್ರಿಲ್ ಕಳೆದರೂ ಏಳದ ನೆಂಟ ಅದು. ಉಳಿದವರು ಬೈದುಕೊಂಡು ಸಲಿಕೆ ಹಿಡಿದರೆ ಐಲಿ ಕ್ಯಾಮೆರಾ ಹಿಡಿಯುತ್ತಿದ್ದಳು.

ಶುಕ್ರವಾರದ ಪತ್ರಿಕೆಯಲ್ಲಿ ‘ಇದೇನು ಹೇಳಿ’ ಎಂದು ಅವಳದೊಂದು ಚಿತ್ರ ಇರುತ್ತಿತ್ತು. ಬೀಸಣಿಗೆಯಂಥ ಎರಡು ಗುರುತು: ಇಲಿಗೆ ಎರಗಿದ ಗೂಬೆಯ ರೆಕ್ಕೆ. ಬಳೆಯಷ್ಟು ದುಂಡಗಿನ ಗೆರೆ: ಗಾಳಿಗೆ ಗಿರ್ರನೆ ತಿರುಗಿದ ಹುಲ್ಲಿನೆಸಳಿನ ಗೀಚು. ಸರಿಯಾಗಿ ಹೇಳಿದವರಿಗೆ ಅವಳ ಕೈಯ ಏಲಕ್ಕಿ ಬ್ರೆಡ್ಡು. ನಿಯಮ ಒಂದೇ, ಹಿಮವನ್ನು ಮುಟ್ಟಬಾರದು. ಅಡ್ಡ ಬಂದ ಕಡ್ಡಿಯನ್ನೂ ಅವಳು ಸರಿಸಳು. “ಅದು ತಾನೇ ಆಗಿರ್ಬೇಕು. ಇಲ್ದಿದ್ರೆ ಒಗಟು ಯಾತಕ್ಕೆ?” ಎನ್ನುತ್ತಿದ್ದಳು.

ಅವಳಿಗಿದ್ದ ದೊಡ್ಡ ಆಸೆ ಹಿಮದ ಸುರುಳಿ ಕಾಣುವುದು. ಅಂಟು ಹಿಮ ಬಿದ್ದು ತಕ್ಕ ಗಾಳಿ ಬಂದರೆ ಬಯಲಿನ ಹಿಮ ಚಾಪೆಯಂತೆ ತಾನೇ ಸುತ್ತಿಕೊಂಡು ಉರುಳುತ್ತದೆ, ಹಿಂದೆ ಗೀರು ಬಿಡುತ್ತದೆ. ಅವಳಪ್ಪ ಒಮ್ಮೆ ಕಂಡಿದ್ದನಂತೆ. ಎಷ್ಟೋ ಚಳಿಗಾಲ ಕಾದರೂ ಅವಳಿಗೆ ಕಾಣಲಿಲ್ಲ.

ಗಂಡ ರೈನೊ ರಸ್ತೆಯ ಹಿಮ ತಳ್ಳುವ ಲಾರಿಯ ಚಾಲಕ. ಫೆಬ್ರವರಿಯ ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು ಕೂಗಿದ: “ಏ ಐಲಿ, ಕಾಫಿ ಆಮೇಲೆ ಕುಡಿಯುವಿಯಂತೆ! ಹುಲ್ಲುಗಾವಲಲ್ಲಿ ನಿನ್ನ ಸುರುಳಿ ಬಿದ್ದಾವೆ, ಓಡು!”

ಐಲಿ ಬೂಟಿನ ಲೇಸು ಕಟ್ಟದೆ ಓಡಿದಳು. ರಸ್ತೆ ಬದಿಯ ಬಯಲಲ್ಲಿ ನಿಜಕ್ಕೂ ಇದ್ದವು, ದಪ್ಪ ದಪ್ಪ, ನಡುವೆ ತೂತು. ಅಳುತ್ತಲೇ ಚಿತ್ರ ತೆಗೆದಳು. ಪತ್ರಿಕೆಯಲ್ಲಿ ಬಂತು, ಗ್ರಂಥಾಲಯದವರು ಅದನ್ನು ಬಾಗಿಲಷ್ಟು ದೊಡ್ಡದು ಮಾಡಿಸಿದರು.

ತೂಗುಹಾಕುವ ದಿನ ಬಾಲ್ಯದ ಗೆಳತಿ, ಗ್ರಂಥಾಲಯದ ವರ್ನಾ, ಏಣಿ ಹಿಡಿದಿದ್ದಳು. ಐಲಿ ಕನ್ನಡಕ ಏರಿಸಿ ನೋಡಿದಳು, ಮತ್ತೆ ನೋಡಿದಳು. ಗೀರುಗಳೆಲ್ಲ ಬಯಲಿನಿಂದ ರಸ್ತೆಯ ಕಡೆಗೆ ಬಂದಿದ್ದವು. ರಸ್ತೆ ಇರುವುದು ಸರೋವರದ ಕಡೆ. ಅಂದು ಗಾಳಿ ಬೀಸಿದ್ದೂ ಸರೋವರದ ಕಡೆಯಿಂದ. ಅಳುವ ಕಣ್ಣಿಗೆ ಆವತ್ತು ಇದೆಲ್ಲಿ ಕಾಣಬೇಕು?

“ವರ್ನಾ, ಗಾಳಿಗೆ ಎದುರಾಗಿ ಯಾವ ಸುರುಳಿ ಉರುಳುತ್ತೆ?”

“ಬಿಡೇ, ಚೆನ್ನಾಗಿದೆಯಲ್ಲ,” ಎಂದಳು ವರ್ನಾ, ಏಣಿಯನ್ನೇ ನೋಡುತ್ತ.

“ನಿಂಗೂ ಗೊತ್ತಿತ್ತು.”

“ಹೇಳ್ಬೇಡಿ ಅಂದಿದ್ದ ಕಣೇ ರೈನೊ. ಕಾಫಿ ಅಂಗಡೀಲಿ ಎಲ್ರಿಗೂ ಗೊತ್ತು.”

ಮನೆಯಲ್ಲಿ ರೈನೊ ಮೊದಲು ನಕ್ಕುಬಿಟ್ಟ. ರಸ್ತೆಯಂಚಿನ ದಿಬ್ಬದ ಮೇಲೆ ನಿಂತು, ಮಾಡಿನ ಹಿಮ ಎಳೆಯುವ ಉದ್ದ ಹಿಡಿಯ ಗೋರುಮಣೆಯಿಂದ ಒಂದೊಂದಾಗಿ ತನ್ನತ್ತ ಎಳೆದು ಸುತ್ತಿದ್ದನಂತೆ. “ಕಾದು ಕಾದು ಸೊರಗ್ತಿದ್ದೆಯಲ್ಲ, ಖುಷಿಯಾಗ್ಲಿ ಅಂತ ಮಾಡ್ದೆ. ಕದ್ದೆನಾ, ಕುಡಿದೆನಾ?”

“ಊರೆಲ್ಲ ನನ್ನ ಹಿಂದೆ ನಗ್ತಿತ್ತಲ್ಲೋ! ಅವ್ರಿಗೇ ನಾನು ಬ್ರೆಡ್ಡು ಹಂಚ್ತಿದ್ದೆ. ಇನ್ನೂ ಯಾವ್ಯಾವ್ದು ನಿಂದು? ಗೂಬೆ ರೆಕ್ಕೆ?”

“ಅಯ್ಯೋ, ಗೂಬೆ ನಿಜ ಮಾರಾಯ್ತಿ.”

“ಹುಲ್ಲಿನ ಬಳೆ?”

ರೈನೊ ಕಾಫಿ ಲೋಟ ತಿರುಗಿಸುತ್ತ ಕೂತ.

ಪರರು ಮಾಡಿದ್ದರೆ ಬೈದು ಮರೆಯಬಹುದಿತ್ತು. ಇವರು ನಂಬಿಸಿ ಕತ್ತು ಕೊಯ್ದವರು, ಅದೂ ಪ್ರೀತಿಯ ಹೆಸರಲ್ಲಿ. ಮುಂದಿನ ಶುಕ್ರವಾರ ಐಲಿಯೇ ಪತ್ರಿಕೆಗೆ ಬರೆದಳು: ಸುರುಳಿ ಗಾಳಿಯದಲ್ಲ, ನನ್ನ ಗಂಡನದು, ಓದುಗರು ಕ್ಷಮಿಸಬೇಕು. ಊರು ಅದಕ್ಕೂ ನಕ್ಕಿತು.

ಮಾರ್ಚಿನಲ್ಲಿ ಅಂಟು ಹಿಮ ಬಿದ್ದು ಗಾಳಿ ಎದ್ದಿತು. ಬೆಳಗಾಗುವಾಗ ಮನೆಯ ಹಿಂದೆ ಕಣ್ಣು ಹಾಯುವಷ್ಟೂ ದೂರ ಸುರುಳಿಗಳು, ಎಲ್ಲವೂ ಗಾಳಿ ಹೋದ ದಿಕ್ಕಿಗೇ. ರೈನೊ ಬರಿಗಾಲಲ್ಲೇ ಹೊರಗೋಡಿದ. “ದೇವರಾಣೆ ಐಲಿ, ಇದು ನಾನಲ್ಲ! ಬೇಗ ಚಿತ್ರ ತೆಗಿ, ಬಿಸಿಲಿಗೆ ಕುಸಿದುಬಿಡ್ತವೆ!”

ಐಲಿ ಕ್ಯಾಮೆರಾ ಹಿಡಿದೇ ಬಯಲಿಗೆ ಇಳಿದಳು. ಸುರುಳಿಗಳ ಕಡೆ ನೋಡಲಿಲ್ಲ. ತಲೆ ತಗ್ಗಿಸಿ, ಬೂಟಿನ ಗುರುತು ಹುಡುಕುತ್ತ, ಬಯಲಿನ ಅಂಚು ಹಿಡಿದು ಸುತ್ತಿ ಬಂದಳು. ಒಂದೂ ಸಿಗಲಿಲ್ಲ. ನಂಬಿಕೆ ಬರದೆ ಮತ್ತೊಂದು ಸುತ್ತು ಹೊರಟಳು. ಅಷ್ಟರಲ್ಲಿ ಬಿಸಿಲೇರಿ ಸುರುಳಿಗಳು ಒಂದೊಂದಾಗಿ ಕುಸಿಯತೊಡಗಿದ್ದವು.