ತಾರೀಖು ಬರೆಯದ ಕಾಗದ

ಮಂಟೇಸ್ವಾಮಿ ಎಮ್ಮೆಲ್ಲೆಯಾಗಿದ್ದು ಒಂದೇ ಸಲ. ತೊಂಬತ್ತನಾಲ್ಕರಲ್ಲಿ ಗೆದ್ದ. ತೊಂಬತ್ತೊಂಬತ್ತರಲ್ಲಿ ಟಿಕೆಟು ಸಿಗಲಿಲ್ಲ, ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ವಾಪಸು ಬಂದ. ಈ ನಡುವೆ ಎರಡು ವರ್ಷ ಅವನು ಒಂದು ಕಾಗದಕ್ಕೆ ಹೆದರಿಕೊಂಡು ಬದುಕಿದ. ಅವನ ರಾಜಕೀಯದಲ್ಲಿ ಹೇಳುವಂಥದ್ದು ಏನಾದರೂ ಇದ್ದರೆ ಅದೊಂದೇ.

ಅವನ ಊರು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ಅಪ್ಪ ಅವ್ವ ಕೂಲಿ ಮಾಡಿ ಏಳನೇ ಕ್ಲಾಸಿನವರೆಗೆ ಓದಿಸಿದರು. ಚಾಮರಾಜನಗರದ ಒಂದು ಸರ್ಕಾರಿ ಆಫೀಸಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಹದಿನಾರು ವರ್ಷ ಫೈಲು ಹೊತ್ತ, ಸಾಹೇಬರ ಬೆಲ್ಲು ಕೇಳಿದ ಕೂಡಲೇ ಎದ್ದು ಓಡಿದ. ಯಾರಿಗೂ ಎದುರು ಮಾತಾಡಿದವನಲ್ಲ.

ಪುಟ್ಟಬಸಪ್ಪನವರು ಅವನನ್ನು ಆರಿಸಿಕೊಂಡದ್ದು ಅದಕ್ಕೇ. ಅವರದು ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ. ಅವರ ಲಾರಿಗಳು ವಾರಕ್ಕೆ ನಾಲ್ಕು ಸಲ ಕೇರಳಕ್ಕೆ ಹೋಗುತ್ತಿದ್ದವು. ಅವರ ಜಮೀನು, ಅವರ ಜನ ಎಲ್ಲ ಇದ್ದದ್ದು ಚಾಮರಾಜನಗರದ ಆಚೆಯ ಮೀಸಲು ಕ್ಷೇತ್ರದಲ್ಲಿ. ಅಲ್ಲಿ ಅವರು ತಾವೇ ನಿಲ್ಲುವ ಹಾಗಿರಲಿಲ್ಲ. ಹಾಗಾಗಿ ನಿಲ್ಲಿಸುವುದಕ್ಕೆ ಒಬ್ಬ ಬೇಕಾಗಿದ್ದ.

ಮಂಡಿಗೆ ಕರೆಸಿದರು. ಮಂಟೇಸ್ವಾಮಿ ತಕ್ಕಡಿಯ ಪಕ್ಕ ನಿಂತುಕೊಂಡ.

"ಮಂಟ, ಎಲೆಕ್ಷನ್‌ಗೆ ನಿಂತ್ಕ ಕಣ್ಲಾ," ಎಂದರು ಪುಟ್ಟಬಸಪ್ಪನವರು.

"ನಾನಾ ಬುದ್ದಿ? ನಂಗೇನ್ ಗೊತ್ತು ಅದ್ರ ವಿಚಾರ?"

"ಗೊತ್ತಿಲ್ದೆ ಇರೋದ್ಕೇ ನಿನ್ನ ಕರ್ಸಿದ್ದು."

ಮೂಟೆ ಹೊರುವವರು ನಕ್ಕರು. ಮಂಟೇಸ್ವಾಮಿಯೂ ನಕ್ಕ, ಯಾಕೆಂದರೆ ಎಲ್ಲರೂ ನಗುತ್ತಿದ್ದರು.

ಆಮೇಲೆ ಅವರು ಟೈಪು ಮಾಡಿಸಿದ ಒಂದು ಹಾಳೆ ಮುಂದಿಟ್ಟರು. ನಾನು ನನ್ನ ಸ್ವಂತ ಇಚ್ಛೆಯಿಂದ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ ಎಂದು ಅದರಲ್ಲಿತ್ತು. ತಾರೀಖಿನ ಜಾಗ ಖಾಲಿ.

"ಇದೇನ್ ಬುದ್ದಿ, ಗೆಲ್ಲಕ್ ಮುಂಚೇನೇ ರಾಜೀನಾಮೆಯಾ?"

"ನಾಳೆ ಗೆದ್ದು ತಲೆ ತಿರುಗ್ದ್ರೆ? ನೀನು ತಿರುಗ್ಬಿದ್ದ ದಿವ್ಸ ತಾರೀಕು ನಾನ್ ಬರ್ಕತೀನಿ. ಸರ್ಯಾಗಿದ್ರೆ ಇದು ಹಿಂಗೇ ಇರ್ತದೆ."

ಮಂಟೇಸ್ವಾಮಿ ರುಜು ಹಾಕಿದ. ಪುಟ್ಟಬಸಪ್ಪನವರಿಗೆ ಅಷ್ಟು ಸಾಲಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ಮಲೆಯ ಮಾದಪ್ಪನ ಫೋಟೋ ಇತ್ತು. ಅದರ ಮುಂದೆ ಕರ್ಪೂರ ಹಚ್ಚಿಸಿದರು. ಉರಿಯ ಮೇಲೆ ಕೈ ಹಿಡಿದು ಮಂಟೇಸ್ವಾಮಿ ಹೇಳಿದ: "ನಿಮ್ಮ ಮಾತು ಮೀರದಿಲ್ಲ ಬುದ್ದಿ. ಮಾದಪ್ಪನಾಣೆ."

ಪುಟ್ಟಬಸಪ್ಪನವರು ಹಾಳೆ ಮಡಿಸಿ ಅದೇ ಫೋಟೋದ ಹಿಂದೆ ಸಿಕ್ಕಿಸಿದರು. ಮಾರನೇ ದಿನ ಮಂಟೇಸ್ವಾಮಿ ಆಫೀಸಿಗೆ ಹೋಗಿ ಅಟೆಂಡರ್ ಕೆಲಸಕ್ಕೂ ರಾಜೀನಾಮೆ ಬರೆದುಕೊಟ್ಟ. ಎರಡು ದಿವಸದಲ್ಲಿ ಎರಡು ರಾಜೀನಾಮೆ. ಒಂದು ಇದ್ದ ಕೆಲಸಕ್ಕೆ, ಇನ್ನೊಂದು ಇನ್ನೂ ಬಾರದ ಕೆಲಸಕ್ಕೆ.

ಗೆದ್ದ. ಹಾರ ಹಾಕಿದರು, ಜೀಪಿನಲ್ಲಿ ಮೆರೆಸಿದರು. ಚಾಮರಾಜನಗರದಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಟ್ಟರು, ಫೋನು ಹಾಕಿಸಿದರು. ಆ ಫೋನು ಬಡಿದಾಗೆಲ್ಲ ಮಂಟೇಸ್ವಾಮಿ ಎದ್ದು ನಿಂತೇ ಮಾತಾಡುತ್ತಿದ್ದ. ಬೆಂಗಳೂರಿನಲ್ಲಿ ಸದನ ನಡೆಯುವಾಗ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ, ಕೈ ಎತ್ತುತ್ತಿರಲಿಲ್ಲ. ಪೇಪರಿನಲ್ಲಿ ಯಾರಾದರೂ ರಾಜೀನಾಮೆ ಕೊಟ್ಟರೆಂದು ಬಂದರೆ ಮೊದಲು ಹೆಸರು ನೋಡುತ್ತಿದ್ದ. ತನ್ನದಿರಬಹುದೇನೋ ಎಂದು. ಹೆಂಡತಿ ಚಿಕ್ಕನಿಂಗಮ್ಮನಿಗೆ ಮಾತ್ರ ಇದ್ಯಾವುದನ್ನೂ ಹೇಳಿರಲಿಲ್ಲ.

ತೊಂಬತ್ತಾರರ ಮಳೆಗಾಲದಲ್ಲಿ ಅವನ ಅತ್ತೆ ಮೂಗಮ್ಮ ಕುಂಟಿಕೊಂಡು ಮನೆಗೆ ಬಂದಳು. ಅವಳ ಊರು ಕರಿಯನಹುಂಡಿ, ಅವನದೇ ಕ್ಷೇತ್ರ. ಅಲ್ಲಿ ನಲವತ್ತೆರಡು ಮನೆಯವರು ಕೆರೆ ಏರಿಯ ಕೆಳಗೆ ಗುಡಿಸಲು ಹಾಕಿಕೊಂಡಿದ್ದರು. ಏರಿ ಜಿನುಗಿ ನೀರು ನುಗ್ಗಿತ್ತು. ಗೋಡೆ ಬಿದ್ದು ಮೂಗಮ್ಮನ ಕಾಲು ಊದಿಕೊಂಡಿತ್ತು.

"ಅಳಿಮಯ್ಯ, ನೀನು ಎಮ್ಮೆಲ್ಲೆ ಅಂತ ಊರೆಲ್ಲ ಅಂತದ. ದಿಟವಾ?" ಎಂದು ಕೇಳಿದಳು.

"ಊಂ ಅತ್ತೆ."

"ಮತ್ಯಾಕ ಕದ ತಟ್ಟುದ್ರ ಬೆಕ್ಕ ಕಂಡ ಇಲಿ ಹಂಗ ಬೆಚ್ಚಿ ಬೀಳ್ತಿಯ? ನಾನು ಎಮ್ಮೆಲ್ಲೆ ಮನೆಗ ಬಂದಿನಾ, ಕಳ್ಳನ್ ಮನೆಗ ಬಂದಿನಾ?"

ಚಿಕ್ಕನಿಂಗಮ್ಮ ನಕ್ಕಳು. ಮಂಟೇಸ್ವಾಮಿ ನಗಲಿಲ್ಲ.

"ಏರಿ ಒಡುದ್ರ ನಾವ್ಯಾರೂ ಉಳಿಯದಿಲ್ಲ," ಎಂದಳು ಮೂಗಮ್ಮ. ಈಗ ಅವಳ ದನಿ ಬೇರೆಯಾಗಿತ್ತು. "ದಿಬ್ಬದ ಮ್ಯಾಲ ಜಾಗ ಕೊಡುಸು. ಇನ್ನೇನೂ ಬ್ಯಾಡ."

ಮನೆಯಿಲ್ಲದವರಿಗೆ ನಿವೇಶನ ಕೊಡುವ ಆಶ್ರಯ ಸಮಿತಿಗೆ ಎಮ್ಮೆಲ್ಲೆಯೇ ಅಧ್ಯಕ್ಷ. ಅಧಿಕಾರಿಗಳು ಜಾಗ ತೋರಿಸುತ್ತಾರೆ. ಅಧ್ಯಕ್ಷನ ರುಜು ಬಿದ್ದರೆ ಪಟ್ಟಿ ಮಂಜೂರಾಗುತ್ತದೆ. ಕರಿಯನಹುಂಡಿಯ ದಿಬ್ಬದಲ್ಲಿ ನಾಲ್ಕು ಎಕರೆ ಗೋಮಾಳ ಇತ್ತು. ಸರ್ಕಾರದ್ದೇ ಜಾಗ. ಆದರೆ ಅದಕ್ಕೆ ಮುಳ್ಳುತಂತಿ ಹಾಕಿಸಿ ಈರುಳ್ಳಿ ಒಣಗಿಸುವ ಶೆಡ್ಡು ಕಟ್ಟಿಸಿದ್ದವರು ಪುಟ್ಟಬಸಪ್ಪನವರು.

ಮಂಟೇಸ್ವಾಮಿ ಗುಂಡ್ಲುಪೇಟೆ ಬಸ್ಸು ಹತ್ತಿದ. ಮಂಡಿಯಲ್ಲಿ ಮತ್ತೆ ಅದೇ ತಕ್ಕಡಿಯ ಪಕ್ಕ ನಿಂತು ವಿಷಯ ಹೇಳಿದ. ಹೇಳುವಾಗ ನಾಲ್ಕು ಎಕರೆ ಅನ್ನಲಿಲ್ಲ, ಒಂಚೂರು ಜಾಗ ಅಂದ.

ಪುಟ್ಟಬಸಪ್ಪನವರು ರೇಗಲಿಲ್ಲ. ಎದ್ದರು, ಹೆಗಲ ಮೇಲಿನ ಟವೆಲು ತೆಗೆದರು, ಮಾದಪ್ಪನ ಫೋಟೋದ ಗಾಜನ್ನು ನಿಧಾನವಾಗಿ ಒರೆಸಿದರು.

"ಎಮ್ಮೆಲ್ಲೆ ಸಾಹೇಬ್ರೇ, ಬಾಳ ಧೂಳಾಗದೆ. ಮೊಳೆಯಿಂದ ಇಳಿಸಿ ಹಿಂದ್ಗಡೆನೂ ಒರೆಸ್ಲಾ?"

"ಬ್ಯಾಡ ಬುದ್ದಿ."

"ಬ್ಯಾಡ ಅಂದ್ರೆ ಬುಡು. ಮೀಟಿಂಗಲ್ಲಿ ಆ ಪಟ್ಟಿ ಮುಂದುಕ್ ಹಾಕ್ಬುಡು. ಊಟ ಮಾಡ್ಕಂಡ್ ಹೋಗು ಕಣ್ಲಾ."

ಊಟ ಮಾಡದೆ ಬಂದ. ಮನೆಯಲ್ಲೂ ತಟ್ಟೆ ಮುಂದೆ ಕೂತು ಮುದ್ದೆ ಮುರಿಯದೆ ಎದ್ದ. ಚಿಕ್ಕನಿಂಗಮ್ಮ ಬಿಡಲಿಲ್ಲ. ಏನಾಯ್ತು ಹೇಳು ಎಂದು ಹಟ ಹಿಡಿದಳು. ಕೊನೆಗೆ ಎಲ್ಲ ಹೇಳಿದ. ಕಾಗದ, ಕರ್ಪೂರ, ಆಣೆ, ಫೋಟೋ ಒರೆಸಿದ್ದು.

ಅವಳು ಅವನ ತಟ್ಟೆ ಮುಚ್ಚಿಟ್ಟಳು. ಆಮೇಲೆ ಕೇಳಿದಳು: "ನಿಂಗ ಕಾಗದುದ್ ಭಯವಾ, ಆಣೆ ಭಯವಾ?"

"ಎರಡೂವೆ."

"ಯಾವುದ್ ಜಾಸ್ತಿ?"

"ಆಣೆದು ಕಣ. ಕಾಗದ ಕಳುಸುದ್ರ ಕುರ್ಚಿ ಓಯ್ತದ, ಕೂಲಿ ಮಾಡನ ಬುಡು. ಆಣೆ ತಪ್ಪುದ್ರ ಮಾದಪ್ಪ ಸುಮ್ನಿದ್ದಾನಾ? ನಮ್ ರಂಜಿನಿಗೇನಾರ ಆದ್ರ?"

ಅವರ ಒಬ್ಬಳೇ ಮಗಳು ಶಿವರಂಜಿನಿ ಜಗಲಿಯಲ್ಲಿ ಕೂತು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಇಬ್ಬರೂ ಅವಳನ್ನು ನೋಡಿದರು.

ಮೀಟಿಂಗಿನ ದಿನ ಬೆಳಿಗ್ಗೆ ಚಿಕ್ಕನಿಂಗಮ್ಮ ಸ್ನಾನ ಮಾಡಿ, ಬಿಳಿ ಬಟ್ಟೆಯ ಚೂರನ್ನು ಅರಿಶಿನದ ನೀರಿನಲ್ಲಿ ಅದ್ದಿ ಹಿಂಡಿದಳು. ಒಂದೂಕಾಲು ರೂಪಾಯಿ ಇಟ್ಟು ಬಿಗಿಯಾಗಿ ಗಂಟು ಹಾಕಿ ಗಂಡನ ಕೈಗೆ ಕೊಟ್ಟಳು.

ಮಂಟೇಸ್ವಾಮಿಗೆ ನೋಡಿದ ಕೂಡಲೇ ಗೊತ್ತಾಯಿತು. ಅದು ತಪ್ಪು ಕಾಣಿಕೆ. ಆಣೆ ಮುರಿದವರು, ಹರಕೆ ಮರೆತವರು, ತಪ್ಪಾಯಿತೆಂದು ಹೀಗೆ ಕಟ್ಟಿ ಬೆಟ್ಟಕ್ಕೆ ಹೋಗಿ ಮಾದಪ್ಪನ ಹುಂಡಿಗೆ ಹಾಕುತ್ತಾರೆ.

"ಇದ ತಪ್ಪು ಮಾಡುದ್ ಮ್ಯಾಲ ಅಲ್ವಾ ಕಟ್ಟದು?" ಎಂದ. "ನಾನಿನ್ನೂ ಏನೂ ಮಾಡಿಲ್ವಲ್ಲ."

"ಅವ್ರು ಗೆಲ್ಲಕ್ ಮುಂಚೆ ರಾಜೀನಾಮೆ ಬರಸ್ಕಂಡ್ರು. ನಾನು ತಪ್ಪಕ್ ಮುಂಚೆ ಕಾಣ್ಕೆ ಕಟ್ಟಿವ್ನಿ."

"ಹಂಗ ಕಟ್ಟಬೌದಾ?"

"ಕಟ್ಟಾಯ್ತು. ಮಾದಪ್ಪನ ಎದ್ರುಗ ಕೂತು ತಪ್ಪಾಯ್ತು ಅಂತ ನಿನ್ ಹೆಸರೇಳಿ ಕಟ್ಟಿವ್ನಿ. ಈಗ ನೀನು ಸೈನ್ ಮಾಡ್ದೆ ಬಂದ್ರ ದೇವ್ರಿಗ ಸುಳ್ಳೇಳ್ದಂಗ ಆಯ್ತದ. ಆಮೇಲ ನಂಗೊತ್ತಿಲ್ಲ."

ಮಂಟೇಸ್ವಾಮಿ ಗಂಟನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ. ಇಷ್ಟು ದಿನ ರುಜು ಹಾಕಲು ಹೆದರಿದ್ದ. ಈಗ ಹಾಕದೆ ಇರುವುದಕ್ಕೂ ಹೆದರಬೇಕಾಯಿತು. ಗಂಟನ್ನು ಜೇಬಿಗೆ ಹಾಕಿಕೊಂಡು ಹೊರಟ.

ತಾಲ್ಲೂಕು ಕಚೇರಿಯ ಮೀಟಿಂಗಿನಲ್ಲಿ ಪುಟ್ಟಬಸಪ್ಪನವರೂ ಇದ್ದರು. ಅವರೂ ಸಮಿತಿಯ ಸದಸ್ಯರು. ಅಧಿಕಾರಿ ಕರಿಯನಹುಂಡಿಯ ಪಟ್ಟಿ ಓದಿದರು.

"ಇದ ಅಧ್ಯಕ್ಷರು ಮುಂದುಕ್ ಹಾಕಿ ಅಂತಾವ್ರೆ," ಎಂದರು ಪುಟ್ಟಬಸಪ್ಪನವರು, ಅಧ್ಯಕ್ಷನ ಮುಖ ನೋಡದೆ.

ಎಲ್ಲರೂ ಮುಂದಿನ ಹಾಳೆ ತಿರುಗಿಸಿದರು. ಮಂಟೇಸ್ವಾಮಿ ಜೇಬಿನೊಳಗೆ ಕೈ ಹಾಕಿದ. ಅರಿಶಿನದ ಬಟ್ಟೆ ಇನ್ನೂ ಹಸಿಯಾಗಿತ್ತು.

"ಸೈನ್ ಮಾಡ್ತೀನಿ ಬುದ್ದಿ," ಎಂದ.

ಹಾಳೆ ತಿರುಗಿಸುತ್ತಿದ್ದ ಕೈಗಳು ನಿಂತವು. ಅಧಿಕಾರಿ ಕಡತ ಮುಂದಕ್ಕೆ ತಳ್ಳಿದರು. ಮಂಟೇಸ್ವಾಮಿ ರುಜು ಹಾಕಿದ, ಆದರೆ ಕೈ ಎಷ್ಟು ನಡುಗಿತೆಂದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದವು.

"ಸರ್, ಇದು ನಿಮ್ಮ ರುಜು ಥರ ಇಲ್ಲ," ಎಂದರು ಅಧಿಕಾರಿ ಮೆಲ್ಲಗೆ. "ಕೆಳಗೆ ಇನ್ನೊಂದು ಸಲ ಹಾಕ್ಬಿಡಿ."

ಎರಡನೇ ಸಲ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ಹಾಕಿದ. ತಲೆ ಎತ್ತಿದಾಗ ಪುಟ್ಟಬಸಪ್ಪನವರ ಕುರ್ಚಿ ಖಾಲಿಯಿತ್ತು. ಹೊರಗೆ ಅವರ ಕಾರು ಹೊರಟ ಸದ್ದು ಕೇಳಿಸಿತು.

ಮನೆಗೆ ಬಂದು ಹೇಳಿದ: "ಎರಡ್ ಸಲ ಮಾಡ್ಬುಟ್ಟೆ ಕಣ."

"ಇನ್ನೊಂದ ಕಟ್ತಿನಿ ಬುಡು," ಎಂದಳು ಚಿಕ್ಕನಿಂಗಮ್ಮ.

ಹನ್ನೊಂದನೇ ದಿವಸಕ್ಕೆ ಬೆಂಗಳೂರಿನಿಂದ ಕಾಗದ ಬಂತು. ನಿಮ್ಮ ರಾಜೀನಾಮೆ ಪತ್ರ ಬಂದಿದೆ, ಖುದ್ದಾಗಿ ಬಂದು ಸ್ಪೀಕರನ್ನು ಕಾಣಬೇಕು ಎಂದಿತ್ತು. ಆ ಹನ್ನೊಂದು ದಿವಸ ಮಂಟೇಸ್ವಾಮಿ ಮಗಳನ್ನು ಒಬ್ಬಳೇ ಸ್ಕೂಲಿಗೆ ಕಳಿಸಿರಲಿಲ್ಲ. ಗೇಟಿನವರೆಗೂ ಹೋಗಿ ಬಿಡುತ್ತಿದ್ದ, ಸಾಯಂಕಾಲ ಗಂಟೆ ಹೊಡೆಯುವ ಮುಂಚೆಯೇ ಹೋಗಿ ನಿಲ್ಲುತ್ತಿದ್ದ.

ಸ್ಪೀಕರು ವಯಸ್ಸಾದವರು. ಕೂರಿ ಎಂದರು. ಅವನು ನಿಂತೇ ಇದ್ದ. ಮೇಜಿನ ಮೇಲೆ ಆ ಹಾಳೆ ಇತ್ತು. ಎರಡು ವರ್ಷ ಫೋಟೋದ ಹಿಂದೆ ಮಡಿಸಿಟ್ಟಿದ್ದಕ್ಕೆ ನಡುವೆ ಗೆರೆ ಬಿದ್ದು, ಅಂಚು ಹಳದಿಯಾಗಿತ್ತು. ತಾರೀಖು ಮಾತ್ರ ಹೊಸ ಇಂಕು. ಪುಟ್ಟಬಸಪ್ಪನವರ ಕೈಬರಹ.

"ಈ ರುಜು ನಿಮ್ಮದಾ?"

"ನಂದೇ ಸ್ವಾಮಿ."

"ನಿಮ್ಮ ಇಚ್ಛೆಯಿಂದ ಕೊಟ್ಟಿದ್ದೀರಾ?"

ಮಂಟೇಸ್ವಾಮಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಪುಟ್ಟಬಸಪ್ಪನವರ ಹೆಸರು ಎತ್ತುವ ಧೈರ್ಯವೂ ಇರಲಿಲ್ಲ. ಕೊನೆಗೆ ಇದ್ದದ್ದನ್ನು ಹೇಳಿದ.

"ಅದ ಬರ್ದು ಎರಡ್ ವರ್ಷ ಆಯ್ತು ಸ್ವಾಮಿ. ಅವತ್ತು ನಾನು ಎಮ್ಮೆಲ್ಲೆನೇ ಆಗಿರ್ನಿಲ್ಲ."

ಸ್ಪೀಕರು ಅವನ ಮುಖ ನೋಡಿದರು, ಹಾಳೆಯ ಗೆರೆ ನೋಡಿದರು.

"ಈಗ ಬಿಡಬೇಕು ಅಂತ ಇದೆಯಾ?"

"ಇಲ್ಲ."

"ಹಾಗಾದ್ರೆ ಇದು ಬರೀ ಕಾಗದ. ನೀವೇ ಕೊಟ್ಟೆ ಅಂತ ನೀವು ಹೇಳದೆ ನಾನು ಒಪ್ಪೋ ಹಾಗಿಲ್ಲ. ಹೋಗಿ ಬನ್ನಿ."

ಬಾಗಿಲಾಚೆ ಬಂದವನು ಗೋಡೆಗೆ ಒರಗಿದ. ಅಲ್ಲಿದ್ದ ಅಟೆಂಡರ್ ತನ್ನ ಸ್ಟೂಲು ಬಿಟ್ಟುಕೊಟ್ಟು ನೀರು ತಂದುಕೊಟ್ಟ. ಅದೇ ಥರದ ಸ್ಟೂಲಿನ ಮೇಲೆ ಹದಿನಾರು ವರ್ಷ ಕೂತವನು ಮಂಟೇಸ್ವಾಮಿ. ಒಂದು ‘ಇಲ್ಲ’ ಅಂದರೆ ಮುಗಿಯುವುದಕ್ಕೆ ಎರಡು ವರ್ಷ ಹೆದರಿದೆನಲ್ಲ ಎಂದುಕೊಂಡ. ಸಂತೋಷವಾಗಲಿಲ್ಲ. ಕಾಗದದ ಭಯ ಹೋದರೂ ಆಣೆಯ ಭಯ ಹಾಗೇ ಇತ್ತು.

ಆ ಸೋಮವಾರವೇ ಮೂವರೂ ಬೆಟ್ಟಕ್ಕೆ ಹೋದರು. ಹುಂಡಿಯ ಮುಂದೆ ಮಂಟೇಸ್ವಾಮಿ ಎರಡೂ ಗಂಟುಗಳನ್ನು ಹಣೆಗೆ ಒತ್ತಿಕೊಂಡು ಬಹಳ ಹೊತ್ತು ನಿಂತ. ಹಿಂದಿನವರು ಗೊಣಗಿದರು. ಚಿಕ್ಕನಿಂಗಮ್ಮ ಮೊಣಕೈಯಿಂದ ತಿವಿದಳು. ಹಾಕಿದ. ತಟ್ಟನೆ ಮಗಳ ಕಡೆ ತಿರುಗಿ ನೋಡಿದ. ಅವಳು ಬಾಯಿ ತುಂಬ ಕಲ್ಲುಸಕ್ಕರೆ ಇಟ್ಟುಕೊಂಡು ನಿಂತಿದ್ದಳು.

ಇಳಿಯುವ ಬಸ್ಸು ತಿರುವುಗಳಲ್ಲಿ ವಾಲಾಡುತ್ತಿತ್ತು. ಮಂಟೇಸ್ವಾಮಿ ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದು ಕೂತಿದ್ದ. ಅರ್ಧ ಬೆಟ್ಟ ಇಳಿದ ಮೇಲೆ ಹೆಂಡತಿಯ ಕಡೆ ಬಾಗಿ ಮೆಲ್ಲಗೆ ಹೇಳಿದ:

"ಮನೆಗೋದ್ ಮ್ಯಾಲ ಇನ್ನೊಂದ್ ಗಂಟು ಕಟ್ಟಿಡು ಕಣ."

"ಯಾಕ? ಇನ್ನೇನ್ ಬಾಕಿ ಅದ?"

"ಆ ಶೆಡ್ಡು ತೆಗ್ಸಕ್ಕ ಮುಂದಿನ್ ತಿಂಗಳು ಮೀಟಿಂಗ್ ಕರ್ದವ್ರೆ," ಎಂದ ಮಂಟೇಸ್ವಾಮಿ. "ನಂಗ ಈಗ್ಲೇ ಕೈ ನಡುಗ್ತಾ ಅದ."