ಲಟ್ಟಣಿಗೆ ಇಲ್ಲದ ಮನೆ

ಕೊಟ್ಟಿಗೆಯ ಸೆಗಣಿ ಬಳಿದು ತಿಪ್ಪೆಗೆ ಹಾಕಬೇಕು. ಬಾಗಿಲ ಮುಂದೆ ಕಸ ಹೊಡೆದು ಸೆಗಣಿ ನೀರು ಚಿಮುಕಿಸಬೇಕು. ಎರಡು ಸೇರು ಜೋಳ ಬೀಸಬೇಕು, ಬೀಸುವಾಗ ಹಾಡಬೇಕು. ಹಾಡು ನಿಂತರೆ ಒಳಗೆ ಮಲಗಿದವರಿಗೆ ಎಚ್ಚರವಾಗುತ್ತದೆ. ಬಾವಿಯಿಂದ ಐದು ಕೊಡ ನೀರು. ರಾತ್ರಿಯ ಮುಸುರೆ. ಅತ್ತೆಯ ಮೊಣಕಾಲಿಗೆ ಬಿಸಿನೀರು, ಮೈದುನನ ಕಿರಿಮಗಳು ಒದ್ದೆ ಮಾಡಿದ ಕೌದಿ. ಒಲೆಯ ಬೂದಿ ತೆಗೆದು ಮತ್ತೆ ಉರಿ ಹಚ್ಚಿ ಹದಿನಾಲ್ಕು ರೊಟ್ಟಿ. ಇಷ್ಟೆಲ್ಲ ಆದ ಮೇಲೆ ಮಾನ್ವಿಯ ಆ ಓಣಿಗೆ ಬೆಳಕು ಹರಿಯುತ್ತಿತ್ತು. ಆಗ ಅತ್ತೆ ಅಂಬಮ್ಮ ಹಾಸಿಗೆಯಿಂದಲೇ ಕೂಗುತ್ತಿದ್ದಳು, "ಎದ್ದೇನಬೇ, ಸೂಗಿ?"

ಸೂಗಮ್ಮ ದೇವದುರ್ಗದವಳು. ತಂದೆತಾಯಿ ತೀರಿಹೋಗಿದ್ದರು. ಅಣ್ಣನ ಮನೆಗೆ ಹೋದರೆ ಅತ್ತಿಗೆ ಚೊಂಬು ನೀರು ಕೊಟ್ಟ ಕೈಯಲ್ಲೇ, "ಎಂದು ತಿರುಗಿ ಹೋಗ್ತಿ?" ಎಂದು ಕೇಳುವಳು. ಗಂಡ ತಾಯಣ್ಣ ನಲವತ್ತೆರಡನೇ ಇಸವಿಯಲ್ಲಿ, ಲಡಾಯಿಯ ಕಾಲಕ್ಕೆ, ಪಲ್ಟನ್ನಿಗೆ ಸೇರಿದ್ದ. ಸಂತೆಯ ದಿನ ಮೋಟಾರಿನಲ್ಲಿ ಬಂದವರು ದಿನಾ ಊಟ, ಮೇಲೆ ಒಂದು ಜೊತೆ ಬೂಟು ಎಂದು ಸಾರಿದ್ದರು. ರಾಯಚೂರು ಸ್ಟೇಷನ್ನಿನಲ್ಲಿ ಅವಳು ರೊಟ್ಟಿಯ ಗಂಟು ಕೈಗೆ ಕೊಟ್ಟಾಗಲೂ ಅವನು ಕಾಲು ನೋಡಿಕೊಳ್ಳುತ್ತಲೇ ಇದ್ದ. "ಬೂಟ್ ಹಾಕ್ಕೊಂಡು ಬಂದ್ರ ನೀ ಗುರ್ತ ಹಿಡಿಯಂಗಿಲ್ಲ ಬಿಡು" ಅಂದ. ಒಂಬತ್ತು ವರ್ಷದ ಸಂಸಾರದಲ್ಲಿ ಅವನು ಹೇಳಿದ ದೊಡ್ಡ ತಮಾಷೆ ಅದೇ.

ಬರ್ಮಾ ಗಡಿಯಲ್ಲಿ ಅವನಿಗೆ ಹೇಸರಗತ್ತೆ ನೋಡಿಕೊಳ್ಳುವ ಕೆಲಸ. ಅಕ್ಷರ ಬಾರದು. ಉತ್ತರದ ಕಡೆಯ ಗೆಳೆಯನೊಬ್ಬ ಅವನ ಪರವಾಗಿ ಉರ್ದುವಿನಲ್ಲಿ ನಾಲ್ಕು ಸಾಲು ಬರೆಯುತ್ತಿದ್ದ. ಉಳಿದ ಜಾಗದಲ್ಲಿ ತಾಯಣ್ಣ ಪೆನ್ಸಿಲಿನಿಂದ ಚಿತ್ರ ಹಾಕುತ್ತಿದ್ದ. ಊರಲ್ಲಿದ್ದಾಗ ಸುಣ್ಣದ ಗೋಡೆಗೆ ಇದ್ದಲಿನಲ್ಲಿ ಎತ್ತು ಬರೆದು ಅವ್ವನ ಕೈಲಿ ಬೈಸಿಕೊಂಡವನು. ಎಳೆಯನಿದ್ದಾಗ ಎತ್ತಿನ ಕೋಡು ತಾಗಿ ಅವನ ಎಡಗಿವಿ ಹರಿದಿತ್ತು. ಚಿತ್ರದಲ್ಲಿ ಹರಿದ ಕಿವಿಯವನು ಯಾರೋ ಅವನೇ ತಾಯಣ್ಣ.

ಮೊದಲ ಚಿತ್ರದಲ್ಲಿ ಅವನು ಕಾಲುಚೀಲದ ಗುಡ್ಡೆ ಒಗೆಯುತ್ತಿದ್ದ, ಹಿಂದಿನಿಂದ ಹೇಸರಗತ್ತೆ ಒಂದೊಂದೇ ತಿನ್ನುತ್ತಿತ್ತು. ಇನ್ನೊಂದರಲ್ಲಿ ಮೂವರು ಸಿಪಾಯಿಗಳು ಆಲೂಗಡ್ಡೆ ರಾಶಿಯಲ್ಲಿ ಕುತ್ತಿಗೆವರೆಗೆ ಹೂತುಹೋಗಿ ಸಿಪ್ಪೆ ಹೆರೆಯುತ್ತಿದ್ದರು, ಎತ್ತಿನ ಕೋಡಿನಂಥ ಮೀಸೆಯ ಹವಾಲ್ದಾರ ಬೈಯುತ್ತಿದ್ದ. ಮತ್ತೊಂದರಲ್ಲಿ ಚಡ್ಡಿಗೆ ಗುಂಡಿ ಹಚ್ಚಲು ಹೋಗಿ ಚಡ್ಡಿಯನ್ನು ಮಂಚಕ್ಕೇ ಹೊಲಿದುಕೊಂಡಿದ್ದ. ಮುಂದಿನದರಲ್ಲಿ ಗುಡ್ಡದಷ್ಟು ಮುಸುರೆ ತಿಕ್ಕುತ್ತಿದ್ದ.

ತಪಾಲ್ ಕಚೇರಿಯ ಪಕ್ಕ ಬೀಡಿ ಅಂಗಡಿ ಇಟ್ಟಿದ್ದ ಜಿಲಾನಿ ಪಾಷಾ ಹಿಂದಿನ ಲಡಾಯಿಗೆ ಹೋಗಿ ಕುಂಟುತ್ತ ಬಂದವನು. ಕಾಗದ ಬಂದ ದಿನ ಅವನೇ ಮನೆಗೆ ಬಂದು ಓದುತ್ತಿದ್ದ. ಓಣಿಯೆಲ್ಲ ಸೇರುತ್ತಿತ್ತು.

"ಅಯ್ಯ, ಗಂಡಸು ಮುಸುರಿ ತಿಕ್ಕಾಕತ್ತಾನಲ್ಲಬೇ!" ಎಂದು ಪಾಷಾನ ಹೆಂಡತಿ ಹೀರಾಬಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನನ್ನ ಮಗ ಇಲ್ಲಿ ಕುಂತ ತಾಟು ಸರಿಸಿದಾಂವಲ್ಲ" ಎಂದು ಅಂಬಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ಸೂಗಮ್ಮನೂ ನಗುತ್ತಿದ್ದಳು, ಆದರೆ ಸ್ವಲ್ಪ ತಡವಾಗಿ. ಒಗೆತ, ಮುಸುರೆ, ಹೊಲಿಗೆ, ನೀರು: ಅದೇ ಕೆಲಸ ಮಾಡಿ ಅವಳು ಎದ್ದು ಬಂದಿರುತ್ತಿದ್ದಳು, ಯಾರೂ ನಕ್ಕಿರುತ್ತಿರಲಿಲ್ಲ. ಒಂದು ಕಾಗದವನ್ನು ಮಾತ್ರ ಅವಳು ಮೂರು ಸಲ ಓದಿಸಿಕೊಂಡಳು. ಅದರಲ್ಲಿ ಹರಿದ ಕಿವಿಯವನು ಎರಡು ಡಬ್ಬಿ ನೀರು ಹೊತ್ತು ಗುಡ್ಡ ಹತ್ತುತ್ತ ನಾಲಿಗೆ ಹೊರಗೆ ಹಾಕಿದ್ದ. ಕೆಳಗೆ ಬರೆದಿತ್ತು: "ನೀರು ಇಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ನಾನು ಬಂದ ಮೇಲೆ ನೀರು ತರುವುದು ನನ್ನ ಕೆಲಸ."

ಆ ಹಾಳೆಯನ್ನು ಅವಳು ಜೋಳದ ಗಡಿಗೆಯ ಕೆಳಗೆ ಇಟ್ಟಿದ್ದಳು. ಬಾವಿಯಿಂದ ಐದನೆಯ ಕೊಡ ಹೊತ್ತು ಬರುವಾಗ ದಿನಾ ಅದು ನೆನಪಾಗುತ್ತಿತ್ತು.

ನಲವತ್ತನಾಲ್ಕರ ಬೇಸಿಗೆಯಲ್ಲಿ ಎರಡೂವರೆ ತಿಂಗಳು ಕಾಗದ ಬರಲಿಲ್ಲ. ಅಂಬಮ್ಮ ಒಂದು ದಿನ ರೊಟ್ಟಿ ಮುರಿಯುತ್ತ, ಉಪ್ಪು ಕೇಳಿದಷ್ಟೇ ಸಹಜವಾಗಿ ಹೇಳಿದಳು. "ಅಂಥದ್ದೇನರ ಆದ್ರ ನೀ ಹೆದರಬ್ಯಾಡ. ಮಾರೆಪ್ಪಗ ಉಡಿಕಿ ಮಾಡಿಬಿಡ್ತೀನಿ. ಮನಿ ಸೊಸಿ ಮನ್ಯಾಗ ಇರತದ."

ಗಂಡ ಸತ್ತವಳಿಗೆ ಒಂದು ಸೀರೆ ಉಡಿಸಿ ಇನ್ನೊಬ್ಬನಿಗೆ ಕೂಡಿಸುವುದು ಉಡಿಕಿ. ಕಿರಿಮಗ ಮಾರೆಪ್ಪ ಹೆಂಡತಿ ಸತ್ತವನು, ಎರಡು ಹೆಣ್ಣುಮಕ್ಕಳ ತಂದೆ. ಕೆಟ್ಟವನೇನಲ್ಲ. ಅವನು ತಲೆ ಎತ್ತದೆ, "ಹೆಂಗೂ ಎಲ್ಲಾ ಆಕೀನ ಮಾಡ್ತಾಳಲ್ಲ" ಎಂದು ಮಜ್ಜಿಗೆಗೆ ಕೈ ಚಾಚಿದ. ಹಗಲಿನ ಕೆಲಸ ಹೇಗೂ ಇತ್ತು, ಇನ್ನು ಇರುಳಿನದೂ ಸೇರುತ್ತದೆ ಎಂದು ಸೂಗಮ್ಮನಿಗೆ ಅರ್ಥವಾಯಿತು. ಬೇಡ ಎನ್ನಲು ಅವಳಿಗಿದ್ದ ಕಾರಣ ಒಂದೇ: ಗಂಡ ಬದುಕಿದ್ದಾನೆ.

ಮುಂಗಾರಿನ ಮೊದಲ ವಾರ ಕಾಗದ ಬಂತು. ಪಾಷಾ ದೂರದಿಂದಲೇ ಅದನ್ನು ಎತ್ತಿ ತೋರಿಸುತ್ತ ಕುಂಟಿಕೊಂಡು ಬಂದ. ಅದೇ ಬರಹ, ಅದೇ ಪೆನ್ಸಿಲು. ಈ ಸಲ ಪಲ್ಟನ್ನಿನ ಚಿತ್ರವಲ್ಲ, ಮನೆಯದು. ಹರಿದ ಕಿವಿಯವನು ಕಾಲುಮೇಲೆ ಕಾಲು ಹಾಕಿ ತಾಟಿನ ಮುಂದೆ ಕೂತಿದ್ದ. ಬೂಟು ಹಾಕಿಕೊಂಡೇ ಕೂತಿದ್ದ, ಅದೇ ತಮಾಷೆ. ಎದುರಿಗೆ ಒಲೆ, ಒಲೆಯ ಮುಂದೆ ಸೆರಗು ಹೊದ್ದ ಹೆಂಗಸು. ಅವಳ ಕೈಯಲ್ಲಿ ಲಟ್ಟಣಿಗೆ.

"ನಿನ್ನ ಚಿತ್ರ ಬರದಾನಬೇ, ಕಡೀಕೂ!" ಎಂದು ಹೀರಾಬಿ ಸೂಗಮ್ಮನ ಬೆನ್ನಿಗೆ ಗುದ್ದಿದಳು. ಮತ್ತೆ ಬಗ್ಗಿ ನೋಡಿ, "ಅಲ್ಲಬೇ, ನಿಮ್ಮ ಮನ್ಯಾಗ ಲಟ್ಟಣಗಿ ಯಾವಾಗ ಬಂತು? ಹೋಳಿಗಿಗೆ ನನ್ನದ ಒಯ್ತಿದ್ರಿ" ಅಂದಳು.

"ಚಪಾತಿ ರುಚಿ ಹತ್ಯಾದ ನನ್ನ ಮಗಗ" ಎಂದಳು ಅಂಬಮ್ಮ. ಎಲ್ಲರೂ ನಕ್ಕರು. ಈ ಸಲ ಸೂಗಮ್ಮ ಎಲ್ಲರಿಗಿಂತ ಮೊದಲು ನಕ್ಕಳು.

ಸಂಜೆ ಸೆಗಣಿಯ ಕುಳ್ಳು ಮಾರುವ ನೆಪದಲ್ಲಿ ಬೀಡಿ ಅಂಗಡಿಗೆ ಹೋಗಿ, ಸೆರಗಿನೊಳಗಿಂದ ಹಾಳೆ ತೆಗೆದು ಹಲಗೆಯ ಮೇಲಿಟ್ಟಳು.

"ಪಾಷಾ ಮಾಮಾ, ಪಲ್ಟನ್ನಾಗ ರೊಟ್ಟಿ ಹೆಂಗ ಮಾಡ್ತಾರ?"

"ಗೋದಿ ಚಪಾತಿ ಬೇಟಿ. ಲಟ್ಟಸ್ತಾರ."

"ಪಲ್ಟನ್ನಿಂದು ಸೈ. ನನ್ನ ಮನ್ಯಾಗ?"

ಪಾಷಾ ಕನ್ನಡಕ ಹಾಕಿಕೊಂಡ. "ಏನೋ, ಮರ್ತಿರಬೇಕು."

"ಒಂಬತ್ತು ವರ್ಷ ನಾ ರೊಟ್ಟಿ ಬಡಿಯೋ ಸಪ್ಪಳಕ್ಕ ಎದ್ದಾನ, ಎದುರಿಗೆ ಕುಂತು ತಿಂದಾನ. ಅಂವಾ ಕುಡುದು ಬರದ್ರೂ ನನ್ನ ಕೈಯಾಗ ಲಟ್ಟಣಗಿ ಇಡಂಗಿಲ್ಲ. ಇದು ಯಾರದೋ ಬ್ಯಾರೇದವ್ರ ಮನಿ ಮಾಮಾ. ಆ ಕಾಗದ ಬರಿಯೋ ಗೆಳ್ಯಾ ತನ್ನ ಹೇಣ್ತಿ ನೆನಸ್ಕೊಂಡು ಬರದಾನ."

ಪಾಷಾ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದ. ಬಂದ ಗಿರಾಕಿ ತಾನೇ ಬೀಡಿ ಕಟ್ಟು ತೆಗೆದುಕೊಂಡು ಹೋದ.

"ಹಿಂದಿನ ಲಡಾಯ್ಯಾಗ, ಬಸ್ರಾದಾಗ, ನನ್ನ ಬಗಲಿಗೆ ಒಬ್ಬಾಂವ ಮಲಗ್ತಿದ್ದ" ಅಂದ ಪಾಷಾ. "ಸತ್ತ. ಅವನ ಹೆಸರ್ಲೆ ನಾನು ಐದು ತಿಂಗಳ ಅವನ ಮನಿಗಿ ಖತ್ ಬರದೆ. ಆರಾಮ ಅದೀನಿ, ಖರ್ಜೂರ ತಿಂದೆ ಅಂತ."

"ಯಾಕ?"

"ಯಾಕೋ. ಬಗಲಿನ ಜಾಗ ಖಾಲಿ ಇತ್ತು. ಬರೀತಿದ್ದೆ. ಆಮ್ಯಾಲ ಸರ್ಕಾರದ ಕಾಗದ ಹೋತು. ಅದು ತಡ ಆದ್ರೂ ಹೋಗತದ ಬೇಟಿ. ಇಲ್ಲೀಗೂ ಬರತದ."

"ಆಕಿ ಏನ್ ಮಾಡಿದ್ಲು?"

"ಯಾರು?"

"ಅವನ ಹೇಣ್ತಿ."

ಪಾಷಾ ಕನ್ನಡಕ ತೆಗೆದ. "ನಾ ಕೇಳಾಕ ಹೋಗ್ಲಿಲ್ಲ."

"ಯಾರಿಗೂ ಹೇಳಬ್ಯಾಡ್ರಿ."

"ನಾ ಏನ್ ಹೇಳ್ಲಿ? ನಾ ಓದಾಂವ ಅಷ್ಟ." ಹಾಳೆಯನ್ನು ಮಡಚಿ ಅವಳ ಕೈಗೆ ಕೊಟ್ಟ. ಜೊತೆಗೆ, ಪ್ರತಿ ತಿಂಗಳಂತೆ, ಉತ್ತರಕ್ಕೆಂದು, ಅಲ್ಲಿ ಓದಿ ಹೇಳುವ ಆ ಗೆಳೆಯನ ಹೆಸರಿಗೆ ವಿಳಾಸ ಬರೆದಿಟ್ಟ ಲಕೋಟೆ. ಕೊಡುವಾಗ ಒಂದು ಕ್ಷಣ ಕೈ ಹಿಂದೆಗೆದ, ಆಮೇಲೆ ಕೊಟ್ಟೇಬಿಟ್ಟ.

ಮರುದಿನ ಕೋಳಿ ಕೂಗುವ ಮೊದಲು ಅವಳು ಸೆಗಣಿ ಬಳಿದಳು, ಕಸ ಹೊಡೆದಳು. ಬೀಸುವ ಕಲ್ಲಿನ ಮುಂದೆ ಕೂತಳು. ಕಲ್ಲು ನಾಲ್ಕು ಸುತ್ತು ಸುಮ್ಮನೆ ತಿರುಗಿತು.

ಒಳಗಿನಿಂದ ಅಂಬಮ್ಮ ಹೊರಳಿದಳು. "ಯಾಕಬೇ, ಹಾಡ ಇಲ್ಲ?"

ಸೂಗಮ್ಮ ಹಾಡಿದಳು. ಎರಡು ಸೇರೂ ಮುಗಿಯುವವರೆಗೆ ಹಾಡಿದಳು.

ನೀರು ತಂದಳು. ಐದನೆಯ ಕೊಡ ಇಳಿಸಿ ಗಡಿಗೆಯ ಕೆಳಗಿನ ಆ ಹಳೆಯ ಹಾಳೆ ನೋಡಲಿಲ್ಲ. ಒಲೆ ಹಚ್ಚಿ, ಹಿಟ್ಟು ನಾದಿ, ಹಂಚು ಕಾಯುವವರೆಗೆ ಕೂತಳು. ಅತ್ತೆಯನ್ನು ಎಬ್ಬಿಸಿ ಹೇಳಬಹುದಿತ್ತು. ಬಾಗಿಲ ಕಲ್ಲಿಗೆ ಬಳೆ ಕುಟ್ಟಿ ಓಣಿ ಕೇಳುವಂತೆ ಅಳಬಹುದಿತ್ತು. ಅಳಲು ಮೂರು ದಿನ ಬಿಡುವು ಸಿಗುತ್ತಿತ್ತು, ಆಮೇಲೆ ಉಡಿಕಿಯ ಸೀರೆ. ಹೇಳದಿದ್ದರೆ ಸರ್ಕಾರದ ಕಾಗದ ಬರುವವರೆಗೆ ಗಂಡ ಬದುಕಿರುತ್ತಾನೆ. ಅದು ತಿಂಗಳೋ, ಆರು ತಿಂಗಳೋ. ಅಷ್ಟರಲ್ಲಿ ಗಂಡನ ಹೆಸರಲ್ಲಿ ಬರೆಯುವ ದೂರದ ಆ ಪುಣ್ಯಾತ್ಮ ಇನ್ನೊಂದು ಚಿತ್ರ ಕಳಿಸುತ್ತಾನೆ. ಅದರಲ್ಲೂ ಲಟ್ಟಣಿಗೆ ಇರುತ್ತದೆ. ಹೀರಾಬಿ ಮತ್ತೆ ಬಗ್ಗಿ ನೋಡುತ್ತಾಳೆ.

ಒಲೆಯ ಬೂದಿಯಿಂದ ಆರಿದ ಇದ್ದಲು ಹೆಕ್ಕಿದಳು. ಕಾಗದ ಬೇರೆ ಇರಲಿಲ್ಲ. ಬಂದ ಚಿತ್ರದ ಹಿಂಬದಿಯನ್ನೇ ಮೊಣಕಾಲ ಮೇಲೆ ಹರಡಿಕೊಂಡಳು. ಜೀವಮಾನದಲ್ಲಿ ರಂಗೋಲಿಯ ಚುಕ್ಕೆ ಬಿಟ್ಟು ಏನನ್ನೂ ಬರೆದವಳಲ್ಲ. ಮೊದಲು ಒಂದು ಲಟ್ಟಣಿಗೆ ಬರೆದು ಅದರ ಮೇಲೆ ಅಡ್ಡಡ್ಡ ಗೀಚಿದಳು. ಪಕ್ಕದಲ್ಲಿ ದುಂಡಗಿನ ರೊಟ್ಟಿ, ಅದರ ಮೇಲೆ ಬಿಚ್ಚಿದ ಎರಡು ಅಂಗೈ. ಕೈಗಳು ಕೋಳಿಕಾಲಿನಂತಾದವು. ಒರೆಸಿ ಮತ್ತೆ ಬರೆದಳು. ಜಾಗ ಇನ್ನೂ ಉಳಿದಿತ್ತು. ಬಾವಿ ಬರೆದಳು. ಬಾವಿಯಿಂದ ಮನೆಗೆ ದಾರಿ ಬರೆದಳು. ದಾರಿಯ ಮೇಲೆ ಒಬ್ಬ ಗಂಡಸು, ಅವನ ಎಡಗಿವಿ ಹರಿದದ್ದು, ತಲೆಯ ಮೇಲೆ ಕೊಡ.

ಲಕೋಟೆಯ ಅಂಟು ಒಣಗಿತ್ತು. ನಾದಿದ ಹಿಟ್ಟಿನಿಂದ ಚೂರು ಕಿತ್ತು ಅಂಚಿಗೆ ಬಳಿದು, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು.