ಕ್ಯಾಪ್ಟನ್ ಶಹಾತಾ ಮತ್ತು ಬಾಲ್ಕನಿಯ ಬುಟ್ಟಿ

ಅಲೆಕ್ಸಾಂಡ್ರಿಯಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕ್ಲಬ್ಬಿನ ಮೂಲೆಯ ಮಣ್ಣಿನ ಟೆನಿಸ್ ಅಂಕಣಕ್ಕೆ ನೀರು ಚಿಮುಕಿಸಿ, ನಾರಿನ ಚಾಪೆ ಎಳೆಯುತ್ತಿದ್ದಾರೆ ಶಹಾತಾ. ಗೋಡೆಗೆ ಆತುಕೊಂಡ ಮನೆಯ ಮೂರನೇ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿಯುತ್ತದೆ. ತರಕಾರಿಯವನಿಗೆ ಇಳಿಯುವ ಅದೇ ಬುಟ್ಟಿ. ಒಳಗೆ ನಿನ್ನೆ ಗೋಡೆ ಹಾರಿದ ಚೆಂಡುಗಳು.

"ಕ್ಯಾಪ್ಟನ್, ನನ್ನ ಕಾಮಕಸ್ತೂರಿ ಗಿಡದ ಕತ್ತು ಮುರೀತು," ಎನ್ನುತ್ತಾರೆ ಮೇಲಿನಿಂದ ಆ ಮನೆಯ ಹಿರಿಯಾಕೆ, ಹಜ್ ಮಾಡಿ ಬಂದ ಹಾಜ್ಜಾ ತಫೀದಾ.

"ಗಿಡ ಒಳಗಿಟ್ಕೊಳ್ಳಿ ಹಾಜ್ಜಾ. ಇವತ್ತೂ ಮದಾಮ್ ಇಕ್ರಾಮ್ ಬರ್ತಾರೆ."

ಆಟ ಕಲಿಸುವವರೆಲ್ಲ ನಮ್ಮೂರಲ್ಲಿ ಕ್ಯಾಪ್ಟನ್ನರೇ. ಆದರೆ ಕ್ಲಬ್ಬಿನ ಬಾಗಿಲಿನ ಫಲಕದಲ್ಲಿ ಹೆಸರು ಬರುವುದು ಕಪ್ ಗೆಲ್ಲುವ ಮಕ್ಕಳನ್ನು ತಯಾರು ಮಾಡಿದವರದ್ದು ಮಾತ್ರ. ಶಹಾತಾ ಪಾಲಿಗೆ ಬರುವವರು ತಲೆ ನರೆತವರು: ಒಬ್ಬ ಹಲ್ಲಿನ ಡಾಕ್ಟರು, ನಿವೃತ್ತ ಟ್ರಾಮ್ ಚಾಲಕ, ಇಬ್ಬರು ಅಕ್ಕತಂಗಿಯರು. ಚಿಕ್ಕಂದಿನಲ್ಲಿ ಇದೇ ಅಂಕಣದಲ್ಲಿ ಚೆಂಡು ಹೆಕ್ಕುತ್ತಿದ್ದ ಶಹಾತಾ, ಸದಸ್ಯರು ಊಟಕ್ಕೆ ಹೋದಾಗ ತಂತಿ ಹರಿದ ರ‍್ಯಾಕೆಟ್ ಹಿಡಿದು ಆಟ ಕಲಿತವರು. ಈಗ ಮಂಡಿ ನೋವು. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಬೆಂಚಿನ ಮೇಲೆ ಕೂತು ಇದನ್ನೆಲ್ಲ ಬರೆದುಕೊಳ್ಳುವ ನಾನು ಅವರ ಬಾಯಲ್ಲಿ 'ಉಸ್ತಾಜ್', ಅಂದರೆ ಮೇಷ್ಟ್ರು.

"ಮಕ್ಕಳು ಬಿದ್ರೆ ನಗ್ತಾವೆ ಉಸ್ತಾಜ್. ದೊಡ್ಡವರು ಬೀಳೋಕೆ ಮುಂಚೆ, ಯಾರು ನೋಡ್ತಿದಾರೆ ಅಂತ ಸುತ್ತ ನೋಡ್ತಾರೆ. ಅಷ್ಟರಲ್ಲಿ ಚೆಂಡು ಹೋಗಿರುತ್ತೆ."

ಇಕ್ರಾಮ್ ಅವರದ್ದು ಬೇರೆಯೇ ಕಥೆ. ಗಂಡ ಬೈಯೂಮಿಯವರ ಜೊತೆ ಪದರದ ರೊಟ್ಟಿಯ ಅಂಗಡಿ ನಡೆಸುವ ಅವರು ಮೂವತ್ತು ವರ್ಷ ಹಿಟ್ಟನ್ನು ಗಾಳಿಗೆ ಬೀಸಿ ಬೀಸಿ ಹಿಗ್ಗಿಸಿದವರು. ಚೆಂಡು ಕಂಡರೂ ಮಣಿಕಟ್ಟು ಹಾಗೇ ತಿರುಗುತ್ತದೆ, ಚೆಂಡು ಬಾಲ್ಕನಿ ಸೇರುತ್ತದೆ.

ಬೈಯೂಮಿಗೆ ಇದು ದಿನದ ತಮಾಷೆ. ಕಡಲದಂಡೆಯಲ್ಲಿ ಮರದ ಬ್ಯಾಟು ಹಿಡಿದು ಬೆಳೆದ ತಮಗೆ ಇದೆಲ್ಲ ನೀರು ಕುಡಿದಷ್ಟು ಸುಲಭ ಎಂಬ ಜಂಬ ಬೇರೆ. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಆರು ವರ್ಷ ಮೊದ್ಲೇ ಬಂತಲ್ಲೇ," ಎಂದವರೇ ಪಂದ್ಯವನ್ನೂ ಕಟ್ಟಿದ್ದಾರೆ. ಶುಕ್ರವಾರ ಇಬ್ಬರೂ ಆಡಬೇಕು. ಹೆಂಡತಿಯ ಒಂದು ಚೆಂಡು ಗೋಡೆ ದಾಟಿದರೂ ರ‍್ಯಾಕೆಟ್ ಅಟ್ಟಕ್ಕೆ. ದಾಟದಿದ್ದರೆ ಇನ್ನುಮುಂದೆ ಅಂಗಡಿಯ ಬೆಳಗಿನ ಒಲೆ ಕೆಲಸ ಗಂಡನದ್ದು.

"ಒಪ್ಕೊಂಡ್ಬಿಟ್ಟೆ ಕ್ಯಾಪ್ಟನ್," ಎನ್ನುತ್ತಾರೆ ಇಕ್ರಾಮ್. "ಕೋಪ ಬಂದಿತ್ತು."

ಶಹಾತಾ ಮುಖ ಸಣ್ಣದಾಗುತ್ತದೆ. ಉಳಿದವರನ್ನೆಲ್ಲ ಕರೆತಂದವರೇ ಇಕ್ರಾಮ್. ಅವರು ಬಿಟ್ಟರೆ ಮಿಕ್ಕವರೂ ಬಿಡುತ್ತಾರೆ, ಬೆಳಗಿನ ಅಂಕಣ ಮಕ್ಕಳ ಪಾಲಾಗುತ್ತದೆ. ಅವತ್ತು ಪಾಠ ಮುಗಿದ ಮೇಲೆ ಶಹಾತಾ ರೊಟ್ಟಿ ಅಂಗಡಿಗೆ ಹೋಗಿ, ಒಂದು ರೊಟ್ಟಿ ತಿನ್ನುತ್ತ ಆಕೆಯ ಕೈಯನ್ನೇ ನೋಡುತ್ತ ಕೂರುತ್ತಾರೆ. ಉದ್ದ ಹಿಡಿಯ ಹಲಗೆಯ ಮೇಲೆ ರೊಟ್ಟಿ ಇಟ್ಟು ಇಕ್ರಾಮ್ ಒಲೆಯೊಳಗೆ ನೂಕುತ್ತಾರೆ. ಮಣಿಕಟ್ಟು ಅಲುಗುವುದಿಲ್ಲ.

"ಅದೇ, ಅದೇ," ಎಂದು ಶಹಾತಾ ಎದ್ದು ನಿಲ್ಲುತ್ತಾರೆ. "ನಾಳೆಯಿಂದ ಬೀಸ್ಬೇಡಿ ಮದಾಮ್. ಒಲೆಗೆ ನೂಕಿ."

ಶುಕ್ರವಾರ ಅಂಗಡಿ ತೆರೆಯುವುದು ನಮಾಜಿನ ನಂತರ. ಬೆಳಗ್ಗೆಯೇ ತಲೆ ನರೆತವರೆಲ್ಲ ಬೆಂಚಿನ ಮೇಲಿದ್ದಾರೆ. ಬಾಲ್ಕನಿಯಲ್ಲಿ ಕಾಮಕಸ್ತೂರಿಯ ಕುಂಡ, ಹಾಜ್ಜಾ ಒಳಗೆ. ಬೈಯೂಮಿ ಚೆನ್ನಾಗಿಯೇ ಆಡುತ್ತಾರೆ, ಅಂಕ ಅವರದೇ ಮೇಲು. ಇಕ್ರಾಮ್ ಚೆಂಡು ಬಲೆಗೆ ಬೀಳುತ್ತದೆ, ಗೆರೆಯಾಚೆ ಬೀಳುತ್ತದೆ, ಗೋಡೆಯ ಹತ್ತಿರ ಸುಳಿಯುವುದಿಲ್ಲ. ಪ್ರತಿ ಹೊಡೆತಕ್ಕೂ "ಒಲೆ, ಒಲೆ" ಎಂದು ಗೊಣಗುತ್ತಾರೆ ಶಹಾತಾ. ಆಟ ಮುಗಿಯುತ್ತ ಬಂದಂತೆ ಬೈಯೂಮಿಗೆ ಬೆಳಗಿನ ಒಲೆ ಕಣ್ಣಮುಂದೆ ಬಂದಿರಬೇಕು. ಇಕ್ರಾಮ್ ನೂಕಿದ ಕೊನೆಯ ಚೆಂಡನ್ನು ಅವರು ಸಿಟ್ಟಿನಿಂದ ಬೀಸಿ ಹೊಡೆಯುತ್ತಾರೆ, ಅಪ್ಪಟ ರೊಟ್ಟಿ ಬೀಸುವ ಕೈಯಲ್ಲಿ.

ಚೆಂಡು ಗೋಡೆ ದಾಟುತ್ತದೆ. ಮೇಲೆ ಕುಂಡ ಒಡೆದ ಸದ್ದು.

ಬುಟ್ಟಿ ನಿಧಾನವಾಗಿ ಇಳಿಯುತ್ತದೆ. ಒಳಗೆ ಒಂದು ಚೆಂಡು, ಮುರಿದ ಕಾಮಕಸ್ತೂರಿಯ ಟೊಂಗೆ.

"ಇಕ್ರಾಮ್, ಮಗಳೇ, ಇವತ್ತೂನಾ?" ಹಾಜ್ಜಾ ದನಿಯಲ್ಲಿ ನಿಜಕ್ಕೂ ಬೇಸರ.

ಇಕ್ರಾಮ್ ನಗು ತಡೆಯಲಾಗದೆ ಕೂತುಬಿಟ್ಟಿದ್ದಾರೆ. ಶಹಾತಾ ಚೆಂಡು ಎತ್ತಿ ಬೈಯೂಮಿ ಕೈಗಿಡುತ್ತಾರೆ. "ನಾಳೆ ಒಲೆ ಕೆಲಸ ಮುಗಿಸಿ ಬನ್ನಿ ಯಜಮಾನ್ರೇ, ಕಲಿಸ್ತೀನಿ."

ಆಮೇಲೆ ಟೊಂಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನತ್ತ ತಿರುಗುತ್ತಾರೆ.

"ಬರ್ಕೊಳ್ಳಿ ಉಸ್ತಾಜ್. ಅದು ನನ್ನ ಶಿಷ್ಯೆ ಹೊಡೆದ ಚೆಂಡಲ್ಲ."